ಹಳೇ ಮನೆ ಪೈಪು, ಕುಡಿಯೋ ನೀರಲ್ಲಿ ಸೀಸ: ಬದಲಿಸಿದವರು ಅನುಭವ ಹೇಳಿ

ಕೇಳಿದವರು: ತುಮಕೂರಲ್ಲಿ 1978ರ ಮನೆ. ಒಳಗೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಹಿತ್ತಾಳೆ ನಲ್ಲಿ. ಸಂಪಿನಿಂದ ಟ್ಯಾಂಕಿಗೆ 2004ರಲ್ಲಿ ಹಾಕಿದ ಪಿವಿಸಿ. ಎರಡು ವರ್ಷದ ಮಗು ಇದೆ. ಎಲ್ಲ ಕಿತ್ತು ಹಾಕಿಸೋದಾ, ಫಿಲ್ಟರ್ ಸಾಕಾ?

ಗೋಡೆ ಒಡೆಸಿದವ: ಕಿತ್ತು ಹಾಕಿಸಿ, ಯೋಚನೆ ಮಾಡ್ಬೇಡಿ. ನಮ್ಮ ಲೆಕ್ಕ: ಮುಕ್ಕಾಲಿಂಚಿನ ಸಿಪಿವಿಸಿ (ಬಿಸಿನೀರೂ ತಡೆಯೋ ಪ್ಲಾಸ್ಟಿಕ್) ಪೈಪು 3 ಮೀಟರಿನವು 16, ಒಂದಕ್ಕೆ 310ರಂತೆ 4,960. ಎಲ್ಬೋ, ಟೀ, ವಾಲ್ವ್ ಸೇರಿ 6,150. ಕೂಲಿ 8,800. ಗೋಡೆ ಮುಚ್ಚೋದು, ಟೈಲ್ಸು 31,000! ಒಟ್ಟು 50,910. ಟೈಲ್ಸಿನ ಹಣ ಈಗಲೂ ಹೊಟ್ಟೆ ಉರಿಸುತ್ತೆ, ಆದರೂ ಮಾಡಿದ್ದು ಸರಿ. ಜಿಐ ಒಳಗಿನ ಸತುವಿನ ಲೇಪದಲ್ಲೇ ಸೀಸ ಬೆರೆತಿರುತ್ತೆ, ಹಳೇ ಜೋಡಣೆಗಳಲ್ಲಿ ದಾರದ ಜೊತೆ ಸೋರದಿರಲಿ ಅಂತ ಬಳಿದ ಬಿಳಿ ಪೇಸ್ಟು, ಸಫೇದದಲ್ಲೂ ಇರಬಹುದು. ತುಕ್ಕಿನ ಪದರ ಅದನ್ನೆಲ್ಲ ಹಿಡಿದಿಟ್ಟುಕೊಂಡು, ಪಂಪು ಹೊಡೆತ ಕೊಟ್ಟಾಗ ಪುಡಿಯಾಗಿ ಬಿಡುತ್ತೆ. ಎಚ್ಚರ: ಪಿವಿಸಿ ಅಂಟನ್ನ ಸಿಪಿವಿಸಿಗೆ ಬಳಸಲು ಬಿಡಬೇಡಿ. ನಮ್ಮಲ್ಲಿ 7 ಜಾಯಿಂಟು ಸೋರಿದ್ದು ಅದಕ್ಕೇ. ಅಂಟಿಸಿ 24 ಗಂಟೆ ಬಿಟ್ಟೇ ಒತ್ತಡ ಕೊಡಿ.

ನೀರು ಪರೀಕ್ಷೆಯವ: ಪರೀಕ್ಷೆ ಮಾಡಿಸದೆ ಗೋಡೆ ಒಡೆಸೋದು ಹೇಗೆ ಸರಿ? ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಸಡಿಲಿಕೆ ಇಲ್ಲ. ಕರಗಿದ ಒಟ್ಟು ಲವಣ ತೋರಿಸೋ ಟಿಡಿಎಸ್ ಮೀಟರಿಗೆ ಇದು ಕಾಣೋದೇ ಇಲ್ಲ. ರಾತ್ರಿ ನೀರು ಮುಟ್ಟದೆ ಕನಿಷ್ಠ 6 ಗಂಟೆ ಬಿಟ್ಟು, ಬೆಳಿಗ್ಗೆ ಅಡುಗೆಮನೆ ನಲ್ಲಿಯ ಮೊದಲ 1 ಲೀಟರ್ ಒಂದು ಬಾಟಲಿಗೆ. ಜಾಲರಿ ಬಿಚ್ಚಬಾರದು, ಮಾಮೂಲಿ ರಭಸಕ್ಕೇ ಬಿಡಿ. ಐದನೇ ಲೀಟರ್ ಎರಡನೇ ಬಾಟಲಿಗೆ, ಐದು ನಿಮಿಷ ಹರಿಸಿದ ಮೇಲಿನದು ಮೂರನೆಯದಕ್ಕೆ. ಅರ್ಧ ಇಂಚಿನ ಪೈಪಲ್ಲಿ 1 ಲೀಟರ್ ಅಂದರೆ ಸುಮಾರು 5 ಮೀಟರ್ ಉದ್ದ, ಹಾಗಾಗಿ ಕೆಡುಕು ಎಲ್ಲಿದೆ ಅಂತ ಗೊತ್ತಾಗುತ್ತೆ. ಮೊದಲನೆಯದರಲ್ಲಿ ಮಾತ್ರ ಹೆಚ್ಚಿದ್ದರೆ ನಲ್ಲಿ ಮತ್ತು ಅದರ ಹಿಂದಿನ ತುಂಡು. ಮೂರರಲ್ಲೂ ಹೆಚ್ಚಿದ್ದರೆ ಟ್ಯಾಂಕು, ಸಂಪು, ಇಲ್ಲ ಮೂಲ. ಲ್ಯಾಬಲ್ಲಿ ಲೋಹದ ತೀರ ಸಣ್ಣ ಪ್ರಮಾಣ ಅಳೆಯೋ ಯಂತ್ರ, ಐಸಿಪಿ-ಎಂಎಸ್ ಇಲ್ಲವೇ ಗ್ರಾಫೈಟ್ ಫರ್ನೇಸ್, ಇದೆಯಾ ಕೇಳಿ. ಜ್ವಾಲೆಯಲ್ಲಿ ಅಳೆಯೋ ಫ್ಲೇಮ್ ವಿಧಾನಕ್ಕೆ 10 ಮೈಕ್ರೋಗ್ರಾಂ ನಂಬಿಕೆಯಾಗಿ ಸಿಗಲ್ಲ. ಅಲ್ಲಿ "ಪತ್ತೆ ಮಿತಿಗಿಂತ ಕಡಿಮೆ" ಅಂತ ಬರೆದುಕೊಟ್ಟರೆ, ಮಿತಿ ಎಷ್ಟು ಅಂತ ಬರೆಸಿಕೊಳ್ಳದೆ ಹಣ ಕೊಡಬೇಡಿ.

ಗೋಡೆ ಒಡೆಸಿದವ: ಒಂದು ದಿನದ ಬಾಟಲಿ ಏನು ಹೇಳುತ್ತೆ ಸ್ವಾಮಿ? ಪುಡಿ ಇವತ್ತು ಬರಲ್ಲ, ನಾಳೆ ಬರುತ್ತೆ.

ನೀರು ಪರೀಕ್ಷೆಯವ: ಅದಕ್ಕೇ ಎರಡು ಮೂರು ಸಲ ಮಾಡಿಸೋದು. ನಿಮ್ಮ ಸಿಪಿವಿಸಿಯಲ್ಲಿ ನಲ್ಲಿ ಕೂರೋ ಜಾಗದ ಹಿತ್ತಾಳೆ ಥ್ರೆಡ್‌ನಲ್ಲೂ ಸೀಸ ಇರುತ್ತೆ. ಕಡೆಯಲು ಸುಲಭ ಆಗಲಿ ಅಂತ ನೂರಕ್ಕೆ ಎರಡು ಮೂರು ಭಾಗ ಸೇರಿಸ್ತಾರೆ. 50,910 ಖರ್ಚಾದ ಮೇಲೆ ಒಂದು ಬಾಟಲಿ ಕೊಟ್ಟು ನೋಡಿದಿರಾ?

ಶಿಕಾಗೊ ಕನ್ನಡಿಗ: ಇಲ್ಲಿ ಅಪ್ಪಟ ಸೀಸದ ಪೈಪೇ ಬೀದಿಯಿಂದ ಮೀಟರಿನ ತನಕ. 1986ರಲ್ಲಿ ಕೇಂದ್ರ ನಿಷೇಧ ಬರೋವರೆಗೆ ನಗರದ ನಿಯಮವೇ ಸೀಸ ಹಾಕಿ ಅಂತಿತ್ತು. ಸುಮಾರು 4 ಲಕ್ಷ ಸಂಪರ್ಕ ಇವೆ. ಗುರುತು: ಅಯಸ್ಕಾಂತ ಅಂಟಲ್ಲ, ನಾಣ್ಯದಿಂದ ಕೆರೆದರೆ ಬೆಳ್ಳಿ ಥರ ಹೊಳೆಯುತ್ತೆ. ಬದಲಿಸೋಕೆ ನಮಗೆ 26,000 ಡಾಲರ್ ಬಿತ್ತು, ಕಾಂಕ್ರೀಟ್ ಬೇರೆ. ಅರ್ಧ ಮಾತ್ರ ಬದಲಿಸಬೇಡಿ. ಕೊಯ್ದ ಜಾಗದ ಪದರ ಅಲುಗಿ, ಸೀಸಕ್ಕೆ ತಾಮ್ರ ಸೇರಿದ ಕಡೆ ಕೊರೆತವೂ ಶುರುವಾಗಿ ವಾರಗಟ್ಟಲೆ ಮೊದಲಿಗಿಂತ ಹೆಚ್ಚು ಬರುತ್ತೆ. ಕೆಲಸ ಮುಗಿದ ಮೇಲೆ ಎಲ್ಲ ನಲ್ಲಿಯ ಜಾಲರಿ ಬಿಚ್ಚಿ, ಕೆಳಗಿನ ಮಹಡಿಯಿಂದ ಶುರುಮಾಡಿ ಅರ್ಧ ಗಂಟೆ ಹರಿಸಿ. ಆರು ತಿಂಗಳು ಎನ್‌ಎಸ್‌ಎಫ್ (ಅಮೆರಿಕದ ಪ್ರಮಾಣ ಸಂಸ್ಥೆ) 53 ಗುರುತಿನ, ಸೀಸಕ್ಕೆ ಅಂತಲೇ ಪ್ರಮಾಣಿಸಿದ ಫಿಲ್ಟರು. 42 ಅಂತಿದ್ದರೆ ಕ್ಲೋರಿನ್ ರುಚಿಗೆ ಮಾತ್ರ.

ಅಡುಗೆಮನೆ ಫಿಲ್ಟರ್: ತುಮಕೂರಿನವರಿಗೆ ಶಿಕಾಗೊ ಕಾಂಕ್ರೀಟು ಯಾಕೆ? ಕುಡಿಯೋದು, ಅಡುಗೆಗೆ ಬೇಕಾದ್ದು ದಿನಕ್ಕೆ 15–20 ಲೀಟರ್. ಅಷ್ಟಕ್ಕೆ ಆರ್‌ಒ ಸಾಕು. ಯುವಿ, ಕ್ಯಾಂಡಲ್ ಕರಗಿದ ಸೀಸ ತೆಗೆಯಲ್ಲ. ಕುದಿಸಿದರೆ ನೀರು ಆವಿಯಾಗಿ ಸೀಸ ಇನ್ನೂ ಗಟ್ಟಿಯಾಗುತ್ತೆ. ಗೀಸರ್ ನೀರಲ್ಲಿ ಅನ್ನಕ್ಕೆ ಇಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಬಿಸಿನೀರು ಹೆಚ್ಚು ಎಳೆಯುತ್ತೆ. ಆರ್‌ಒ ದಾಟಿ ನೀರು ಹೊರಬರೋ ಕಡೆ ಹಿತ್ತಾಳೆ ನಲ್ಲಿ ಬೇಡವೇ ಬೇಡ. ಲವಣ ಕಳೆದ ನೀರು ಲೋಹವನ್ನ ಬೇಗ ತಿನ್ನುತ್ತೆ, ತೆಗೆದ ಸೀಸ ಅಲ್ಲೇ ಮತ್ತೆ ಸೇರುತ್ತೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನಲ್ಲಿ ಹಾಕಿ.

ಗೋಡೆ ಒಡೆಸಿದವ: ಮೆಂಬ್ರೇನ್ ಬದಲಿಸೋ ಖರ್ಚು, ಚರಂಡಿಗೆ ಹೋಗೋ ನೀರು? ಅದನ್ನೂ ಬರೀರಿ.

ಅಡುಗೆಮನೆ ಫಿಲ್ಟರ್: ನಿಮ್ಮ ಟೈಲ್ಸಿಗಿಂತ ಕಡಿಮೆ.

ತಾಮ್ರದ ಹಂಡೆ: ಪೈಪ್ ಬಿಡಿ. ತಾಮ್ರದ ಹಂಡೆಯಲ್ಲಿ ತುಂಬಿಟ್ಟು ಕುಡೀರಿ. ಅಡುಗೆಗೆ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ.

ನೀರು ಪರೀಕ್ಷೆಯವ: ತಾಮ್ರ ಸೀಸ ತೆಗೆಯಲ್ಲ, ದಯವಿಟ್ಟು ಮಗು ಇರೋ ಮನೆಗೆ ಹೀಗೆ ಹೇಳಬೇಡಿ. ಕಲಾಯಿಯ ತವರಕ್ಕೆ ಸೀಸ ಬೆರೆಸಿದ್ದರೆ ಹುಣಸೆಹುಳಿ ಕುದಿಸಿದಾಗ ಸಾರಿಗೇ ಬರುತ್ತೆ, ಪೈಪಿಗಿಂತ ಎಷ್ಟೋ ಹೆಚ್ಚು.

ತಾಮ್ರದ ಹಂಡೆ: ಅಜ್ಜಿ ಕಾಲದಿಂದ ಉಂಡಿದೀವಿ.

ಕೇಳಿದವರು: ಪಿವಿಸಿ ಬಗ್ಗೆ ಯಾರೂ ಹೇಳಲಿಲ್ಲ.

ನೀರು ಪರೀಕ್ಷೆಯವ: 2004ರದಾದರೆ ಪ್ಲಾಸ್ಟಿಕ್ ಬಿಸಿಗೆ ಕೆಡದಿರಲಿ ಅಂತ ಬೆರೆಸೋ ಸೀಸದ ಸ್ಟೆಬಿಲೈಸರ್ ಇದ್ದದ್ದೇ ಇರಬಹುದು. ಅದನ್ನ ತೆಗೆಸೋ ಕೇಂದ್ರದ ನಿಯಮ ಬಂದಿದ್ದು 2021ರಲ್ಲಿ. ಪೈಪು ಹೊಸದಿದ್ದಾಗ ಸೀಸ ಹೆಚ್ಚು ಬಿಟ್ಟು ಆಮೇಲೆ ಇಳಿಯುತ್ತೆ. ಬಿಸಿಲಿಗೆ ಬಿದ್ದು ಮೇಲೆ ಸುಣ್ಣದ ಥರ ಬಿಳಿ ಪುಡಿ ಏಳ್ತಿದ್ದರೆ ಆ ಭಾಗ ಬದಲಿಸಿ, ಗರಗಸದ ಪುಡಿ ಸಂಪಿಗೆ ಬೀಳದಂತೆ ಬಾಯಿ ಮುಚ್ಚಿ. ಅಡುಗೆಮನೆ ನಲ್ಲಿ ಮೊದಲು ಸ್ಟೀಲಿಗೆ ಬದಲಿಸಿ. ವರದಿ ಬರೋ ತನಕ ಬೆಳಗಿನ ಮೊದಲ ನೀರು ಗಿಡಕ್ಕೆ ಹೋಗಲಿ.

ತಾಮ್ರದ ಹಂಡೆ: ಕಲಾಯಿ ತವರ ಶುದ್ಧ ಅಂತ ತಿಳಿಯೋದು ಹೇಗೆ, ಅದಾದರೂ ಹೇಳಿ.

ನೀರು ಪರೀಕ್ಷೆಯವ: ಕಡ್ಡಿ ಬಗ್ಗಿಸಿದರೆ ಶುದ್ಧ ತವರ ಕರಕರ ಅನ್ನುತ್ತೆ. ಬಿಳಿ ಕಾಗದದ ಮೇಲೆ ಎಳೆದಾಗ ಬೂದು ಗೆರೆ ಬಿದ್ದರೆ ಸೀಸದ ಅನುಮಾನ. ಪಾತ್ರೆ ಕೆರೆದು ಲ್ಯಾಬಿಗೆ ಕೊಡೋದೇ ಖಚಿತ.