ಒಂದು ಹಲ್ಲು ಕಂಡರೆ ಮೊನಾಂಕಸ್ ಎನ್ನಬಹುದೇ?

ಪ್ರಶ್ನೆ: ಸರ್, ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ನಮ್ಮ ತೋಟದ ಕಾಳುಮೆಣಸಿನ ಬುಡದ ಮಣ್ಣಿನಿಂದ ಬೇರ್ಪಡಿಸಿದ ಜಂತುಹುಳುಗಳಲ್ಲಿ ಒಂದರ ಬಾಯಿ ಪೀಪಾಯಿಯಂತೆ ಅಗಲವಾಗಿದ್ದು, ಅದರ ಒಂದು ಗೋಡೆಯಲ್ಲಿ ದೊಡ್ಡ ಹಲ್ಲು ಕಾಣುತ್ತದೆ. ಇದನ್ನು ಬೇರೆ ಹುಳುಗಳನ್ನು ಬೇಟೆಯಾಡುವ ಮೊನಾಂಕಸ್ ಕುಲದ್ದೆಂದು ದಾಖಲಿಸಬಹುದೇ?

ಉತ್ತರ: ಅಷ್ಟು ಅವಸರ ಬೇಡಮ್ಮ. ದಪ್ಪ ಗೋಡೆಯ ಬಾಯಿಗೂಡು, ಬೆನ್ನಿನ ಬದಿಯ ಹಲ್ಲು, ಕೊನೆಯವರೆಗೂ ಸ್ನಾಯುಗಳಿಂದ ತುಂಬಿದ ಕೊಳವೆಯಾಕಾರದ ಅನ್ನನಾಳ, ಈ ಮೂರೂ ಇದ್ದರೆ ಅದು ಮೊನಾಂಕಸ್ ಸೇರಿದಂತೆ ಹಲವು ಕುಲಗಳನ್ನು ಒಳಗೊಂಡ ಮೊನಾಂಕಿಡಾ ಗಣದ್ದೆನ್ನಬಹುದು. ಈ ಗಣಕ್ಕೆ 1969ರಲ್ಲಿ ಸ್ಥಾನ ಕೊಟ್ಟವರು ಅಲಿಗಢದ ಜಂತುಹುಳು ತಜ್ಞ ಜೈರಾಜಪುರಿ. ಆದರೆ ಕುಲ ನಿರ್ಧಾರವಾಗುವುದು ಹಲ್ಲು ಎಲ್ಲಿದೆ, ಅದರ ಎದುರಿನ ಗೋಡೆಯಲ್ಲಿ ಏನಿದೆ ಎಂಬುದರ ಮೇಲೆ. ಹಲ್ಲು ಬಾಯಿಗೂಡಿನ ಮುಂಭಾಗದಲ್ಲಿದ್ದು ಎದುರುಗೋಡೆಯಲ್ಲಿ ಕಿರುಹಲ್ಲುಗಳಿಲ್ಲದಿದ್ದರೆ ಮೊನಾಂಕಸ್ ಅಥವಾ ಕ್ಲಾರ್ಕಸ್ ಕಡೆಗೆ ಯೋಚಿಸಬೇಕು. ಹಲ್ಲು ತಳದ ಹತ್ತಿರವಿದ್ದರೆ ಅಯೋಟಾಂಕಸ್. ಸಮಗಾತ್ರದ ಮೂರು ಹಲ್ಲುಗಳು ಹಿಂದಕ್ಕೆ ಬಾಗಿದ್ದರೆ ಅನಾಟಾಂಕಸ್. ಉಗುರಿನಂಥ ದೊಡ್ಡ ಹಲ್ಲಿನ ಎದುರಿಗೆ ಅರದ ಮೈಯಂತೆ ಕಿರುಹಲ್ಲುಗಳ ಅಡ್ಡಸಾಲುಗಳಿದ್ದು, ಬಾಯಿಗೂಡು ತಳದತ್ತ ಕಿರಿದಾಗಿದ್ದರೆ ಅದು ಮೈಲಾಂಕ್ಯುಲಸ್. ಹುಳು ಮಗ್ಗುಲಾಗಿ ಮಲಗಿರದಿದ್ದರೆ ಇವೆಲ್ಲ ಗೊಂದಲವಾಗುತ್ತವೆ. ಹೆಣ್ಣುಹುಳುವಿನಲ್ಲಿ ಯೋನಿದ್ವಾರ ಇರುವುದು ಹೊಟ್ಟೆಯ ಬದಿಯಲ್ಲಿ, ಅದರ ಎದುರಿನದೇ ಬೆನ್ನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಮತ್ತೆ ನೋಡಿದೆ ಸರ್. ಎದುರುಗೋಡೆಯಲ್ಲಿ ಐದಾರು ಸಾಲು ಚುಕ್ಕೆಗಳಿವೆ, ತಳವೂ ಕಿರಿದು. ಇವನ್ನು ಸಾಕಿ, ಬೆಳೆಯ ಬೇರಿನಲ್ಲಿ ಗಂಟು ಕಟ್ಟಿಸುವ ಬೇರುಗಂಟು ಹುಳುಗಳ ಮೇಲೆ ಬಿಡಲಾಗದೇ?

ಉತ್ತರ: ಹಾಗಾದರೆ ಮೈಲಾಂಕ್ಯುಲಸ್ ಎಂದೇ ಬರೆಯಿರಿ, ಪ್ರಭೇದದ ಮಾತನ್ನು ಬಾಲದ ಆಕಾರ ಅಳೆದ ಮೇಲೆ ಆಡೋಣ. ಬಿಡುವ ಯೋಚನೆ ಹಳೆಯದು, ಅಮೆರಿಕದ ಜಂತುಹುಳು ತಜ್ಞ ಎನ್. ಎ. ಕಾಬ್ 1917ರಲ್ಲೇ ಇವುಗಳ ಬೇಟೆಯ ಬಗ್ಗೆ ವಿಸ್ತಾರವಾಗಿ ಬರೆದಿದ್ದರು. ತೊಡಕಿರುವುದು ಸಾಕಣೆಯಲ್ಲಿ: ಇವು ನಿಧಾನವಾಗಿ ಬೆಳೆಯುತ್ತವೆ, ಆಹಾರ ಕಡಿಮೆಯಾದರೆ ತಮ್ಮ ಬಳಗವನ್ನೇ ತಿನ್ನುತ್ತವೆ, ಬೇರಿನೊಳಗೆ ಸೇರಿಕೊಂಡ ಹುಳುವಂತೂ ಇವಕ್ಕೆ ಸಿಗುವುದಿಲ್ಲ. ಬ್ಯಾಕ್ಟೀರಿಯಾವನ್ನೂ ತಿಂದು ಬದುಕಬಲ್ಲ ಮೊನಾಂಕಾಯ್ಡಿಸ್‌ನಂಥ ಡಿಪ್ಲೊಗ್ಯಾಸ್ಟರ್ ಬಳಗದ ಹುಳುಗಳನ್ನು ತಟ್ಟೆಯಲ್ಲಿ ಬೆಳೆಸುವುದು ಇದಕ್ಕಿಂತ ಸುಲಭ. ಹೆಸರು ಹತ್ತಿರವಾಯಿತೆಂದು ಮೊನಾಂಕಸ್, ಮೊನಾಂಕಾಯ್ಡಿಸ್ ಎರಡನ್ನೂ ಒಂದೇ ಗಣಕ್ಕೆ ಸೇರಿಸಿಬಿಡಬೇಡಿ. ನಿಮ್ಮ ಹುಳುವಿನ ಕರುಳನ್ನೊಮ್ಮೆ ಸೂಕ್ಷ್ಮದರ್ಶಕದ ಎಣ್ಣೆ ಮಸೂರದಲ್ಲಿ ನೋಡಿ. ಜೀರ್ಣವಾಗದೆ ಉಳಿದ ಬೇಟೆಯ ಬಾಯಿಸೂಜಿ (ಆಹಾರವನ್ನು ಚುಚ್ಚಿ ಹೀರುವ ಮುಳ್ಳು) ಅಲ್ಲಿ ಸಿಕ್ಕರೆ, ಅದು ಸಸ್ಯಹಾನಿಕಾರಕ ಹುಳುಗಳನ್ನು ನುಂಗಿರುವ ಸಾಧ್ಯತೆಗೆ ಬಲವಾದ ಸಾಕ್ಷ್ಯ.