ಜೀಪಿನ ಹೊಟ್ಟೆ ಶೆಡ್ಡಿನಲ್ಲಿ

ಗುಂಪು: ತೋಟದ ಮನೆಯವರು
ಶನಿವಾರ

ಕಿರಣ 7:12
(ಫೋಟೋ)
ಜೀಪಿನ ಟ್ರಾನ್ಸ್‌ಫರ್ ಕೇಸ್ ಇಳಿಸಿದ್ದೇನೆ, ಅದೇ ಗೇರ್ ಬಾಕ್ಸಿನ ಹಿಂದೆ ಕೂತು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಬ್ಬಿ. ಕಣದ ಪಕ್ಕದ ಶೆಡ್ಡಿನಲ್ಲಿ ಹಳೇ ಬಾಗಿಲು ಹಾಸಿ ಅದರ ಮೇಲೆ ಬಿಚ್ಚಿಟ್ಟಿದ್ದೇನೆ. ಯಾರೂ ಮುಟ್ಟಬೇಡಿ, ವಾಷರುಗಳು ಕ್ರಮದಲ್ಲಿವೆ.

ರಮೇಶಣ್ಣ 7:20
ಯಾರನ್ನು ಕೇಳಿ ಬಿಚ್ಚಿದೆ? ಜೀಪು ನಾಲ್ಕು ಮನೆಯ ಪಾಲಿನದು ಮಾರಾಯ.

ರಮೇಶಣ್ಣ 7:21
ಕೊಯ್ಲು ಶುರುವಾಗಲು ಇನ್ನೆಷ್ಟು ದಿನ ಇದೆ? ಆಳುಗಳನ್ನು ಮೇಲಿನ ತೋಟಕ್ಕೆ ಹೊತ್ತುಕೊಂಡು ಹೋಗ್ತೀಯಾ?

ಕಿರಣ 7:26
ಅಣ್ಣ, ಹೋದ ವರ್ಷ ಪೇಟೆಯ ಗ್ಯಾರೇಜಿಗೆ ಕೊಟ್ಟಿದ್ದೆವಲ್ಲ, ಅವರು ಬೇರಿಂಗೂ ಬದಲಾಯಿಸಿಲ್ಲ, ಏನೂ ಇಲ್ಲ. ತಳದ ಮುಚ್ಚಳಕ್ಕೆ ಅರ್ಧ ಟ್ಯೂಬ್ ಅನಬಾಂಡ್ ಬಳಿದು ಕಳಿಸಿದ್ದಾರೆ. ಒಳಗೆ ಉದುರಿದ ಗಮ್ಮಿನ ಚೂರುಗಳು ಆಯಿಲಿನಲ್ಲಿ ತೇಲುತ್ತಿದ್ದವು. ಅದಕ್ಕೆ 18,000 ಕೊಟ್ಟಿದ್ದು ನೆನಪಿದೆಯಾ?

ಸುಮಕ್ಕ 7:30
ನನಗೆ ನೆನಪಿದೆ. ಲೆಕ್ಕದ ಪುಸ್ತಕದಲ್ಲೂ ಇದೆ. ರಮೇಶನ ಪಾಲು ಇನ್ನೂ ಬಂದಿಲ್ಲ ಅಂತಲೂ ಇದೆ.

ರಮೇಶಣ್ಣ 7:31
ಅಕ್ಕ, ಈಗ ಅದೆಲ್ಲ ಬೇಡ.

ಪ್ರವೀಣ ಪುಣೆ 7:44
ಫೋಟೋ ನೋಡಿದೆ. ಬಿಚ್ಚುವುದು ಯಾರಾದರೂ ಬಿಚ್ಚುತ್ತಾರೆ ಕಿರಣ. ಔಟ್‌ಪುಟ್ ಶಾಫ್ಟಿನ ಎಂಡ್ ಪ್ಲೇ, ಅಂದರೆ ಅದು ಹಿಂದೆ ಮುಂದೆ ಆಡುವ ಆಟ, ಹೇಗೆ ನೋಡ್ತೀಯ? 4ರಿಂದ 8 ಥೌ (ಇಂಚಿನ ಸಾವಿರದ ಭಾಗ) ಇರಬೇಕು. ಕಮ್ಮಿಯಾದರೆ ಬೇರಿಂಗ್ ಸುಟ್ಟು ಹೋಗುತ್ತದೆ, ಜಾಸ್ತಿಯಾದರೆ ಶಾಫ್ಟ್ ಆಡುತ್ತದೆ, ಸೀಲ್ ಹೋಗುತ್ತದೆ. ಕಣ್ಣಂದಾಜಿನಲ್ಲಿ ಆಗುವ ಕೆಲಸ ಅಲ್ಲ ಅದು.

ಕಿರಣ 7:50
ಲೇತ್ ಅಂಗಡಿಯಿಂದ ಡಯಲ್ ಗೇಜ್ ಎರವಲು ತಂದಿದ್ದೇನೆ. ಹಿಂದಿನ ಕ್ಯಾಪಿಗೂ ಕೇಸಿಗೂ ನಡುವೆ ತೆಳ್ಳನೆ ತಗಡಿನ ಶಿಮ್‌ಗಳು ಇರುತ್ತವೆ. ಸೇರಿಸಿದರೆ ಆಟ ಜಾಸ್ತಿ, ತೆಗೆದರೆ ಕಮ್ಮಿ. ಅಷ್ಟೇ ಅಲ್ವಾ?

ಪ್ರವೀಣ ಪುಣೆ 7:52
ಹ್ಞಾಂ ಅಷ್ಟೇ. ಗೇಜ್ ಇದೆ ಅಂದರೆ ನನ್ನ ಅರ್ಧ ತಕರಾರು ಹೋಯಿತು.

ದೊಡ್ಡಪ್ಪ 8:15
ಕಿರಣ, ನಾನು ನಲವತ್ತು ವರ್ಷ ಓಡಿಸಿದ ಗಾಡಿ ಅದು, ಹಾಗಾಗಿ ಎರಡು ಮಾತು ಕೇಳುತ್ತೇನೆ, ಬೇಜಾರು ಮಾಡಬೇಡ. ಒಂದು, ಆ ಜೀಪಿನ ಹ್ಯಾಂಡ್ ಬ್ರೇಕ್ ಡ್ರಮ್ ಇರುವುದೇ ಟ್ರಾನ್ಸ್‌ಫರಿನ ಹಿಂದೆ, ಅದನ್ನೇ ಕಳಚಿ ಪ್ರೊಪೆಲ್ಲರ್ ಶಾಫ್ಟೂ ಬಿಚ್ಚಿದ ಮೇಲೆ ಗೇರಿಗೆ ಹಾಕಿದರೂ ಗಾಡಿ ನಿಲ್ಲುವುದಿಲ್ಲ, ಶೆಡ್ಡಿನ ಮುಂದೆ ಇಳಿಜಾರು ಬೇರೆ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದೀಯೋ ಇಲ್ಲವೋ. ಎರಡು, ಟ್ರಾನ್ಸ್‌ಫರ್ ಹಿಂದಕ್ಕೆ ಎಳೆಯುವ ಮೊದಲು ಗೇರ್ ಬಾಕ್ಸಿನ ಮೇಲಿನ ಮುಚ್ಚಳ ತೆಗೆದು ಮೇನ್ ಶಾಫ್ಟಿಗೆ ಕಂಬಿ ಸುತ್ತಿ ಮುಂದಿನ ಬೋಲ್ಟುಗಳಿಗೆ ಬಿಗಿದು ಕಟ್ಟಿದೆಯಾ? ಇಲ್ಲದಿದ್ದರೆ ಶಾಫ್ಟ್ ಹಿಂದಕ್ಕೆ ಬಂದು ಒಳಗಿನ ಗೇರುಗಳೆಲ್ಲ ಕೆಳಗೆ ಬಿದ್ದಿರುತ್ತವೆ, ಆಮೇಲೆ ಎರಡೂ ಬಾಕ್ಸ್ ಬಿಚ್ಚಬೇಕು.

ಕಿರಣ 8:19
ಕಲ್ಲು ಕೊಟ್ಟಿದ್ದೇನೆ ದೊಡ್ಡಪ್ಪ. ಕಂಬಿಯೂ ಕಟ್ಟಿದ್ದೇನೆ, ಬೇಲಿಯದು. ಹೊರಗೆ ಎಳೆಯುವಾಗ ಶಾಫ್ಟ್ ಒಂದು ನೂಲೂ ಅಲ್ಲಾಡಲಿಲ್ಲ.

ದೊಡ್ಡಪ್ಪ 8:22
ಹಾಗಾದರೆ ಮಾಡು. 1941ರ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದೂ ಇದೇ ಸ್ಪೈಸರ್ 18 ಟ್ರಾನ್ಸ್‌ಫರ್. ಕಾಡಿನಲ್ಲಿ ಮರದ ಕೆಳಗೆ ಬಿಚ್ಚಿ ಜೋಡಿಸಲೆಂದೇ ಮಾಡಿದ ಡಬ್ಬಿ ಅದು. ಚೈನ್ ಇಲ್ಲ, ಕಂಪ್ಯೂಟರ್ ಇಲ್ಲ.

ರಮೇಶಣ್ಣ 8:24
ದೊಡ್ಡಪ್ಪ ನೀವೂ ಅವನಿಗೇ ಸಪೋರ್ಟಾ! ಸರಿ, ಒಳಗೆ ಏನು ಹೋಗಿದೆ ಅಂತ ಹೇಳಲಿ. ಸುಮ್ನೆ ಬಿಚ್ಚುವ ಚಟಕ್ಕೆ ಬಿಚ್ಚಿದ್ದಲ್ಲವಲ್ಲ.

ಕಿರಣ 8:40
(ಫೋಟೋ)
ಇದು ನಡುವಿನ ಗೇರಿನ ಶಾಫ್ಟ್. ಉಗುರು ಆಡಿಸಿದರೆ ಸಿಗುವಷ್ಟು ಗೆರೆ ಬಿದ್ದಿದೆ, ಸೂಜಿಯಂಥ ಸಣ್ಣ ಕಂಬಿಗಳ ನೀಡಲ್ ಬೇರಿಂಗ್ ಕೂರುವ ಜಾಗದಲ್ಲಿ. ಎರಡು ಕಡೆಯ ಕಂಚಿನ ವಾಷರುಗಳಲ್ಲಿ ಒಂದು ಹಪ್ಪಳದ ಹಾಗೆ ತೆಳ್ಳಗಾಗಿದೆ. ಇಳಿಜಾರಿನಲ್ಲಿ ಲೋ ಗೇರ್ ತಾನಾಗೇ ಹಾರಿ ಬರುತ್ತಿತ್ತಲ್ಲ, ಗೇರ್ ಹಿಂದೆ ಮುಂದೆ ಆಡುತ್ತಿದ್ದದ್ದರಿಂದಲೇ ಅಂತ ನನಗನ್ನಿಸುತ್ತದೆ. ಸಾಮಾನು ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಅಣ್ಣ, ನೀನು ಬೆಂಗಳೂರಲ್ಲೇ ಇದ್ದೀಯ, ಶಾಫ್ಟ್, ನೀಡಲ್ ಬೇರಿಂಗ್, ವಾಷರ್, ಸೀಲ್, ಪ್ಯಾಕಿಂಗ್ ಸೆಟ್ ತಂದುಕೊಡು. ಹಳೇ ಶಾಫ್ಟ್ ಅಳತೆ ಕಳಿಸುತ್ತೇನೆ. ಅದು ಮೂರು ಸೈಜಿನಲ್ಲಿ ಬರುತ್ತದೆ, ತಪ್ಪು ತಂದರೆ ಎರಡು ಸಲ ಓಡಾಟ.

ರಮೇಶಣ್ಣ 8:43
ನನಗೆ ಬೈದು ನನ್ನಿಂದಲೇ ಕೆಲಸ ಮಾಡಿಸ್ತೀಯ.

ಪ್ರವೀಣ ಪುಣೆ 8:51
ಒಂದು ಪ್ರಶ್ನೆ. ಮುಂದಿನ ಟೈರ್ ಹೊಸದು, ಹಿಂದಿನವು ಬೋಳು, ಅಲ್ವಾ?

ಕಿರಣ 8:52
ಹೌದು. ಎರಡೇ ತೆಗೆದುಕೊಂಡಿದ್ದೆವು.

ಪ್ರವೀಣ ಪುಣೆ 8:58
ಆ ಜೀಪಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದ ಮೇಲೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗಲೇಬೇಕು. ಸವೆದ ಟೈರ್ ಸುತ್ತಳತೆ ಕಮ್ಮಿ, ಅಷ್ಟೇ ದೂರಕ್ಕೆ ಜಾಸ್ತಿ ಸಲ ತಿರುಗಬೇಕು. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರು ರೋಡಿನಲ್ಲಿ ಜಾರುವುದಿಲ್ಲ, ಆ ತಿರುಚು ಪೂರ್ತಿ ಗೇರಿನ ಹಲ್ಲಿನ ಮೇಲೆ ಕೂರುತ್ತದೆ. ಟಾರಲ್ಲಿ ಫೋರ್ ವೀಲ್ ಹಾಕಿ ಯಾರು ಓಡಿಸಿದ್ದು?

ಸುಮಕ್ಕ 9:01
ದೀಪಾವಳಿಗೆ ಬಣಕಲ್‌ನಿಂದ ಮೂಡಿಗೆರೆವರೆಗೆ ಯಾರು ಹೋದದ್ದು ಅಂತ ನಾನು ಹೇಳಬೇಕಾ?

ರಮೇಶಣ್ಣ 9:02
ಮಳೆ ಬರ್ತಿತ್ತು ಅಕ್ಕ. ಗ್ರಿಪ್ ಇರಲಿ ಅಂತ ಹಾಕಿದ್ದೆ.

ಸುಮಕ್ಕ 9:03
ವಾಪಸ್ ಬಂದ ಮೇಲೆ ಲಿವರ್ ಬರಲೇ ಇಲ್ಲ ಅಂತ ಇಬ್ಬರು ಆಳುಗಳು ಹಿಡಿದು ಎಳೆದದ್ದು ನಾನೇ ನೋಡಿದ್ದೇನೆ.

ದೊಡ್ಡಪ್ಪ 9:06
ಎಳೆಯಬಾರದು ಮಗಾ. ರಿವರ್ಸ್ ಹಾಕಿ ಒಂದು ಮಾರು ಹಿಂದೆ ಹೋದರೆ ತಿರುಚು ಬಿಟ್ಟು ತಾನಾಗೇ ಬರುತ್ತದೆ. ಇದನ್ನು ನಿನಗೆ ಹತ್ತು ಸಲ ಹೇಳಿದ್ದೇನೆ.

ರಮೇಶಣ್ಣ 9:15
ಸರಿ ಸರಿ. ಒಂದು ಸಲದಲ್ಲಿ ಶಾಫ್ಟ್ ಸವೆಯುವುದಿಲ್ಲ, ಎಲ್ಲಾ ನನ್ನ ತಲೆಗೆ ಕಟ್ಟಬೇಡಿ. ಅಳತೆ ಕಳಿಸು, ಸೋಮವಾರ ಜೆ.ಸಿ. ರಸ್ತೆಗೆ ಹೋಗುತ್ತೇನೆ. ಹಿಂದಿನ ಎರಡು ಟೈರ್ ನನ್ನ ಲೆಕ್ಕ. ಆದರೆ ಇನ್ಮೇಲೆ ಬಿಚ್ಚುವ ಮೊದಲು ಗುಂಪಿನಲ್ಲಿ ಒಂದು ಮಾತು ಹೇಳು. ಬೆಳಗ್ಗೆ ಎದ್ದ ಕೂಡಲೇ ಜೀಪಿನ ಕರುಳು ಫೋನಲ್ಲಿ ನೋಡಬೇಕಾ?

ಕಿರಣ 9:18
ಅದು ನನ್ನ ತಪ್ಪು ಅಣ್ಣ. ಹೇಳಿದರೆ ಬೇಡ ಅಂತೀಯ ಅಂತ ಹೇಳಲಿಲ್ಲ.

ಪ್ರವೀಣ ಪುಣೆ 9:24
ನೀಡಲ್‌ಗಳನ್ನು ಹೇಗೆ ನಿಲ್ಲಿಸ್ತೀಯ? ಶಾಫ್ಟ್ ತೂರಿಸುವಾಗ ಒಂದು ಬಿದ್ದರೂ ಗೊತ್ತಾಗುವುದಿಲ್ಲ.

ಕಿರಣ 9:27
ಗ್ರೀಸ್ ಹಚ್ಚಿ ಅಂಟಿಸುತ್ತೇನೆ. ಸಿಲ್ವರ್ ಓಕ್ ಕೋಲನ್ನು ಗೇರಿನ ಉದ್ದಕ್ಕೆ ಕೊಯ್ದು ಶಾಫ್ಟಿನ ದಪ್ಪಕ್ಕೆ ಉಜ್ಜಿಟ್ಟಿದ್ದೇನೆ. ಅದು ಒಳಗಿದ್ದರೆ ನೀಡಲ್ ಬೀಳುವುದಿಲ್ಲ, ಅಸಲಿ ಶಾಫ್ಟ್ ಬರುತ್ತಾ ಕೋಲನ್ನು ಆಚೆ ತಳ್ಳುತ್ತದೆ.

ಪ್ರವೀಣ ಪುಣೆ 9:28
ಭೇಷ್.

ಕಿರಣ 9:31
ಒಂದೇ ಒಂದು ಸಣ್ಣ ತೊಂದರೆ ಇದೆ. ಲಿವರಿನ ರಾಡ್ ಎಳೆದಾಗ ಗುಂಡೂ ಸ್ಪ್ರಿಂಗೂ ಟಪ್ ಅಂತ ಹಾರಿದವು. ಗುಂಡು ಸಿಕ್ಕಿತು.

ರಮೇಶಣ್ಣ 9:32
ಸ್ಪ್ರಿಂಗ್?

ಕಿರಣ 9:40
ಹುಡುಕುತ್ತಿದ್ದೇನೆ. ಅದಿಲ್ಲದಿದ್ದರೆ ಗೇರ್ ಲಾಕ್ ಆಗಿ ನಿಲ್ಲುವುದಿಲ್ಲ.

ಸುಮಕ್ಕ 10:05
(ಫೋಟೋ)
ಕಣ ಗುಡಿಸುವಾಗ ಸಿಕ್ಕಿತು. ಪೆನ್ನಿನ ಸ್ಪ್ರಿಂಗ್ ಅಂತ ಪುಟ್ಟ ಬಿಸಾಡುವುದರಲ್ಲಿದ್ದ. ಇದೇನಾ?

ಕಿರಣ 10:05
ಅದೇ ಅಕ್ಕ! ಕೈಯಲ್ಲೇ ಹಿಡಿದುಕೊಂಡಿರು, ಬಂದೆ.