ಒಂದೇ ಐಪಿ, ಎರಡು ಸರ್ವರ್: ಹೇಗೆ?

ಪ್ರಶ್ನೆ: ಮನೇಲಿ ಎರಡು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇವೆ, ಒಂದೇ ಇಂಟರ್ನೆಟ್ ವಿಳಾಸ (ಐಪಿ). ಒಂದರಲ್ಲಿ ಫೋಟೊ ಇಡೋ ನೆಕ್ಸ್ಟ್‌ಕ್ಲೌಡ್, ಇನ್ನೊಂದರಲ್ಲಿ ಸಿನಿಮಾ, ಹಾಡು ತೋರಿಸೋ ಜೆಲ್ಲಿಫಿನ್. ರೌಟರ್ 443ನೇ ಪೋರ್ಟನ್ನು (ಬ್ರೌಸರ್ https ವಿಳಾಸಕ್ಕೆ ತಾನಾಗೇ ಬಳಸೋ ಬಾಗಿಲು) ಒಂದಕ್ಕೆ ಮಾತ್ರ ಕಳಿಸುತ್ತೆ. ಶಿರಸಿಯಲ್ಲಿರೋ ಅಮ್ಮನಿಗೆ ವಿಳಾಸದ ಕೊನೆಗೆ ಬೇರೆ ಪೋರ್ಟ್ 8443 ಅಂತೆಲ್ಲ ಟೈಪ್ ಮಾಡು ಅನ್ನೋಕಾಗಲ್ಲ. ದಾರಿ ಇದೆಯಾ?

ಉತ್ತರ: ಇದೆ. 443ನ್ನು ಒಂದು ಪೈಗೆ ಕಳಿಸಿ, ಅದರಲ್ಲಿ ಕ್ಯಾಡಿ ಅನ್ನೋ ವೆಬ್ ಸರ್ವರ್ ತಂತ್ರಾಂಶ ಹಾಕಿ. ಎರಡು ಸಬ್‌ಡೊಮೈನ್ (ನಿಮ್ಮ ವೆಬ್ ಹೆಸರಿನಡಿ ಎರಡು ಉಪಹೆಸರು) ಮಾಡಿ, ಎರಡೂ ಅದೇ ಐಪಿಗೆ ಹೋಗಲಿ. ಬ್ರೌಸರ್ ಯಾವ ಹೆಸರು ಕೇಳಿತು ಅಂತ ನೋಡಿ ಕ್ಯಾಡಿ ಆಯಾ ಪೈಗೆ ದಾಟಿಸುತ್ತೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟನ್ನೂ ತಾನೇ ತಗೊಳ್ಳುತ್ತೆ.

ಇನ್ನೊಬ್ಬರು: ಮೊದಲು ರೌಟರ್‌ನ ವ್ಯಾನ್ (WAN) ಐಪಿ, ಅಂದ್ರೆ ಇಂಟರ್ನೆಟ್ ಕಡೆಯ ವಿಳಾಸ ನೋಡಿ. 100.64ರಿಂದ 100.127ರೊಳಗಿದ್ದರೆ ಸಿಜಿನ್ಯಾಟ್ (CGNAT). ಅಂದ್ರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ, ಹೀಗೆ ಪೋರ್ಟ್ ಕಳಿಸೋದು (ಪೋರ್ಟ್ ಫಾರ್ವರ್ಡಿಂಗ್) ನಡೆಯಲ್ಲ.

ಕೇಳಿದವರು: ಅಯ್ಯೋ, 100.72 ತೋರಿಸ್ತಿದೆ ಸರ್.

ಇನ್ನೊಬ್ಬರು: ಹಾಗಾದ್ರೆ ಇಂಟರ್ನೆಟ್ ಕಂಪನಿಯವರಿಗೆ ಸ್ಟ್ಯಾಟಿಕ್ ಐಪಿ (ನಿಮಗೇ ಅಂತ ಬದಲಾಗದ ಪಬ್ಲಿಕ್ ವಿಳಾಸ) ಕೇಳಿ. ಕೊಡದಿದ್ರೆ ಅಮ್ಮನ ಫೋನಿಗೂ ಎರಡೂ ಪೈಗೂ ಟೈಲ್‌ಸ್ಕೇಲ್ (ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸೋ ಆ್ಯಪ್) ಹಾಕಿ, ಪೋರ್ಟ್ ತೆರೆಯೋದೇ ಬೇಡ.